ಅಣ್ಣ ಹೋದ ದಿನ

ನನ್ನ ಗಂಡ ತೀರಿಕೊಂಡದ್ದು ಬೆಳಿಗ್ಗೆ. ಆ ನಟ ತೀರಿಕೊಂಡದ್ದು ಅದೇ ದಿನ, ಸ್ವಲ್ಪ ಹೊತ್ತಿನ ನಂತರ. ನಡುವಿನ ಆ ಸ್ವಲ್ಪ ಹೊತ್ತು ಮಾತ್ರ ನನ್ನ ಗಂಡನ ಸಾವು ಅವರೊಬ್ಬರದೇ ಆಗಿತ್ತು.

ಕೊಡ್ಲಿಪೇಟೆಯ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಮುಂದೆ ನಮ್ಮದು ಫ್ಲೆಕ್ಸ್ ಅಂಗಡಿ. ಹಾಸನದಲ್ಲಿ ಯಾರೋ ಬಳಸಿ ಬಿಟ್ಟಿದ್ದ ಪ್ರಿಂಟಿಂಗ್ ಮಷೀನು, ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಯಾವಾಗಲೂ ಇಂಕಿನ ವಾಸನೆ. ಮದುವೆ, ನಾಮಕರಣ, ಎಲೆಕ್ಷನ್ನು, ಕಾಫಿ ಸಸಿ ನರ್ಸರಿ, ಶ್ರದ್ಧಾಂಜಲಿ, ಎಲ್ಲವನ್ನೂ ಮಾಡುತ್ತಿದ್ದೆವು. ಆದರೆ ಮಷೀನು ನಿಜವಾಗಿ ದುಡಿದದ್ದು ಆ ನಟನಿಗಾಗಿ. ಅವನ ಹುಟ್ಟುಹಬ್ಬಕ್ಕೆ, ಅವನ ಸಿನಿಮಾ ಬಿಡುಗಡೆಗೆ, ಆ ಸಿನಿಮಾ ಒಂದು ವಾರ ಓಡಿದ್ದಕ್ಕೆ, ಅವನ ಮಗನ ಹುಟ್ಟುಹಬ್ಬಕ್ಕೆ, ಅವನಿಗೆ ಏನೋ ಬಿರುದು ಕೊಟ್ಟಿದ್ದಕ್ಕೆ. ಊರಿನ ಹುಡುಗರಿಗೆ ಅವನು ಅಣ್ಣ. ಬರೀ ಅಣ್ಣ ಅಂದರೆ ಅವನೇ. ಸ್ವಂತ ಅಣ್ಣನನ್ನು 'ನಮ್ಮನೆ ಅಣ್ಣ' ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು.

ನನ್ನ ಗಂಡನಿಗೆ ಸಿನಿಮಾದ ಗೀಳು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಆ ನಟನ ಸಿನಿಮಾವನ್ನೇ ತೋರಿಸಿದ್ದರು. ಟೈಟಲ್ ಮುಗಿಯುವ ಮೊದಲೇ ಅವರಿಗೆ ನಿದ್ದೆ. ಅವರ ತಲೆ ನನ್ನ ಹೆಗಲ ಮೇಲೆ ಬಿದ್ದು ನನ್ನ ಕೈ ಮರಗಟ್ಟಿದ್ದರಿಂದ ಅರ್ಧಕ್ಕೇ ಅವರನ್ನು ಎಬ್ಬಿಸಿಕೊಂಡು ಬಂದೆ. ಆದರೆ ಆ ಮುಖ ಅವರಿಗೆ ಗೊತ್ತಿದ್ದಷ್ಟು ಆ ನಟನ ಹೆಂಡತಿಗೂ ಗೊತ್ತಿತ್ತೋ ಇಲ್ಲವೋ. ಫೋಟೋದಿಂದ ಮುಖವನ್ನು ಕೂದಲು ಕೂದಲಾಗಿ ಕತ್ತರಿಸಿ ತೆಗೆಯುವುದು ಅವರ ಕೆಲಸ. "ಎಡಗಿವಿ ಸ್ವಲ್ಪ ಮುಂದೆ ಬಂದೈತೆ ಇವ್ನಿಗೆ" ಅಂದುಕೊಂಡು ಸರಿ ಮಾಡುತ್ತಿದ್ದರು. ಅಕ್ಷರಗಳ ಕೆಲಸ ನನ್ನದು. ನಾನು ನಾಪೋಕ್ಲು ಕಡೆಯವಳು, ಮದುವೆಗೆ ಮುಂಚೆ ಅಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಒತ್ತಕ್ಷರ ಎಲ್ಲಿ ಬರುತ್ತದೆ, ಮಹಾಪ್ರಾಣ ಎಲ್ಲಿ ಬರುತ್ತದೆ ಎಂಬುದನ್ನು ಅವರು ನನಗೇ ಬಿಟ್ಟಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಸಂಜೆ ಹೊತ್ತು ಅವರು ಮುಖ ಕತ್ತರಿಸುತ್ತಾ, ನಾನು 'ಹಾರ್ದಿಕ ಶುಭಾಶಯಗಳು' ಎಂದು ಹೊಡೆಯುತ್ತಾ ಕೂತಿರುತ್ತಿದ್ದೆವು. ಅದೇ ನಮ್ಮ ಸಂಸಾರ.

ಅವತ್ತು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದವರು ಬರಲಿಲ್ಲ. ನೀರು ಸುರಿಯುವ ಸದ್ದು ಒಂದೇ ಸಮ ಬರುತ್ತಿತ್ತು. ಬಾಗಿಲು ಒಡೆದವನು ಮೈದುನ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ನನ್ನ ಮುಖ ನೋಡದೆ ಮೈದುನನಿಗೆ ಹೇಳಿದರು. ಮನೆಗೆ ತಂದು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ನಾನು ಹಿತ್ತಲಿಗೆ ಹೋಗಿ ಹಂಡೆ ಒಲೆಯ ಸೌದೆ ಎಳೆದು ನೀರು ಹಾಕಿ ಆರಿಸಿದೆ. ಅದನ್ನು ಯಾರಾದರೂ ಮಾಡಲೇಬೇಕಿತ್ತು. ಅಳು ಬರಲಿಲ್ಲ. ಬರುತ್ತದೆ, ಸ್ವಲ್ಪ ಹೊತ್ತಿಗೆ ಬರುತ್ತದೆ ಅಂದುಕೊಂಡು ಅವರ ತಲೆಯ ಹತ್ತಿರ ಕೂತೆ.

ಅಕ್ಕಪಕ್ಕದವರು ಬಂದರು. ಅತ್ತೆ ಗೋಡೆಗೆ ಒರಗಿ ಮಗನ ಕಾಲು ಹಿಡಿದು ಕೂತಿದ್ದರು, ಅವರೂ ಅಳುತ್ತಿರಲಿಲ್ಲ. ಅಷ್ಟರಲ್ಲಿ ನೆರೆದವರ ಜೇಬಿನಲ್ಲಿ, ಬ್ಲೌಸಿನಲ್ಲಿ, ಕೈಯಲ್ಲಿ ಇದ್ದ ಫೋನುಗಳೆಲ್ಲ ಒಟ್ಟಿಗೆ ಟಿಣ್ ಟಿಣ್ ಅನ್ನತೊಡಗಿದವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ಕೇರಳದ ಬೇಕರಿಯವನು ಫೋನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ಅಯ್ಯೋ, ಹೋಗ್ಬಿಟ್ರಲ್ಲ!"

"ಹೌದು" ಅಂದೆ ನಾನು.

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ನಿಮ್ಗೂ ಮೆಸೇಜ್ ಬಂತಾ ಚೇಚಿ?"

ಆಗ ಪಕ್ಕದವಳು ನನ್ನ ಕಿವಿಯಲ್ಲಿ ವಿಷಯ ಹೇಳಿದಳು. ಅಣ್ಣ ಆಸ್ಪತ್ರೆಯಲ್ಲಿದ್ದನಂತೆ, ಈಗ ಹೋದನಂತೆ. ಹೇಳುತ್ತಾ ಹೇಳುತ್ತಾ ನನ್ನ ಹೆಗಲಿಗೆ ತಲೆ ಕೊಟ್ಟು ಬಿಕ್ಕಿದಳು. ನಾನು ಅವಳ ಬೆನ್ನು ಸವರಿದೆ.

ನಮ್ಮ ಮನೆಯಲ್ಲಿ ಟಿವಿ ಹಾಕುವ ಹಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಹಾಕಿದರು. ಸದ್ದು ಸಣ್ಣದಾಗಿ ಇಟ್ಟಿದ್ದರೂ ಆ ಮನೆಯ ಗೋಡೆಗೂ ನಮ್ಮ ಮನೆಯ ಗೋಡೆಗೂ ನಡುವೆ ಒಂದು ಆಳು ನಡೆಯುವಷ್ಟೇ ಜಾಗ, ಎಲ್ಲ ಕೇಳಿಸುತ್ತಿತ್ತು. ನಮ್ಮಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. "ಒಂದ್ ನಿಮಿಷ ಬತ್ತೀನಿ ಕಣವ್ವ" ಅನ್ನುವುದು, ಚಪ್ಪಲಿ ಹುಡುಕುವುದು, ಪಕ್ಕದ ಮನೆಗೆ ಹೋಗುವುದು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗೊಳೋ ಅಂತ ಅಳು ಕೇಳಿಸಿತು. ಬೆಂಗಳೂರಿನಲ್ಲಿ ಆಸ್ಪತ್ರೆಯ ಗೇಟಿನಿಂದ ಆಂಬುಲೆನ್ಸು ಹೊರಗೆ ಬಂದಿರಬೇಕು.

ಶನಿವಾರಸಂತೆಯಿಂದ ನನ್ನ ಗಂಡನ ಸೋದರಮಾವ ಬೈಕಿನಲ್ಲಿ ಬಂದರು, ಬಸ್ಸು ನಿಲ್ಲಿಸಿಬಿಟ್ಟಿದ್ದರಂತೆ. ಅಳು ಎಲ್ಲಿಂದ ಬರುತ್ತಿದೆಯೋ ಅದೇ ಮನೆ ಎಂದುಕೊಂಡು ನೇರ ಪಕ್ಕದ ಮನೆಗೆ ನುಗ್ಗಿದ್ದಾರೆ. ಅಲ್ಲಿ ನೆಲದ ತುಂಬ ಹೆಂಗಸರು ಕೂತು ಅಳುತ್ತಿದ್ದಾರೆ. ಇವರೂ ಟವೆಲ್ಲು ಬಾಯಿಗೆ ಹಿಡಿದು ಅತ್ತಿದ್ದಾರೆ. ಬಹಳ ಹೊತ್ತಿನ ಮೇಲೆ ಹೆಣ ಎಲ್ಲಿ ಎಂದು ಕೇಳಿದ್ದಾರೆ. "ಸ್ಟೇಡಿಯಂನಲ್ಲಿ ಇಡ್ತಾರಂತೆ" ಅಂದರಂತೆ ಯಾರೋ. ಆಮೇಲೆ ಅವರು ನಮ್ಮ ಮನೆಗೆ ಬಂದು ನನ್ನ ಗಂಡನ ಮುಂದೆ ನಿಂತಾಗ ಅಳುವುದಕ್ಕೆ ಏನೂ ಉಳಿದಿರಲಿಲ್ಲ. ಸುಮ್ಮನೆ ಕೈ ಮುಗಿದು ಕೂತರು.

ಇನ್ನೊಂದು ಗಳಿಗೆಗೆ ಅತ್ತೆಯೂ ಎದ್ದರು. ನಾನು ತಡೆಯಲಿಲ್ಲ. ಪಕ್ಕದ ಮನೆಗೆ ಹೋಗಿ ಟಿವಿ ಮುಂದೆ ಕೂತು ಎದೆ ಬಡಿದುಕೊಂಡು ಅತ್ತರು. ಅವರ ದನಿ ನನಗೆ ಗೊತ್ತಾಗುತ್ತಿತ್ತು. ತಿರುಗಿ ಬಂದವರ ಕಣ್ಣು ಕೆಂಡದ ಹಾಗಿತ್ತು. ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು, "ಅಲ್ಲಿ ಎಲ್ರೂ ಅಳ್ತಾವ್ರೆ. ನಂದೂ ಒಂದ್ ಸೇರ್ಕತು ಅಷ್ಟೆ."

ಫೋನು ಎತ್ತುವ ಕೆಲಸ ನನಗೆ ಬಿತ್ತು, ಮೈದುನ ಗುಂಡಿ ತೋಡಿಸಲು ತೋಟಕ್ಕೆ ಹೋಗಿದ್ದ. ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ, ಮಣ್ಣು ಎಷ್ಟು ಹೊತ್ತಿಗೆ ಅಂತ.

"ಸಾಯಂಕಾಲ" ಅಂದೆ ಒಬ್ಬರಿಗೆ.

"ಹೌದಾ? ಟಿವೀಲಿ ನಾಳೆ ಅಂತ ತೋರಸ್ತಾವ್ರಲ್ಲ?"

"ಅದು ಅವ್ರದ್ದು. ಇದು ನಮ್ಮದು."

"ನಿಮ್ದು ಯಾರ್ದು?"

ಹೇಳಿದೆ. "ಅಯ್ಯೋ ದೇವ್ರೆ, ಇವತ್ತೇ ಹೋಗ್ಬೇಕಿತ್ತಾ ಅವ್ರೂ" ಅಂದರು. ಆ 'ಅವ್ರೂ' ನನ್ನ ತಲೆಯಲ್ಲಿ ಬಹಳ ಹೊತ್ತು ಇತ್ತು. ಆದರೆ ಕೋಪ ಬರಲಿಲ್ಲ.

ನನ್ನ ತಮ್ಮ ನಾಪೋಕ್ಲಿನಿಂದ ಮಾಡಿದ. "ಅಕ್ಕಾ, ಬಸ್ ಒಂದೂ ಇಲ್ಲೆ. ಎಂಥ ಮಾಡ್ದು?" ಎಂದು ನಮ್ಮ ಅರೆಭಾಷೆಯಲ್ಲಿ ಕೇಳಿದ. ಆ ಮಾತು ಕಿವಿಗೆ ಬಿದ್ದಾಗ ಈಗ ಅಳು ಬರಬಹುದು ಅನ್ನಿಸಿತು. ಬರಲಿಲ್ಲ. ನಿಧಾನ ಬಾ ಅಂದೆ. ಜೀಪು ಹೊಂದಿಸಿಕೊಂಡು ಅವನು ಬಂದು ಮುಟ್ಟಿದಾಗ ಎಲ್ಲ ಮುಗಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮೈದುನ ತೋಟದಿಂದ ಬಂದವನು ನನ್ನ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಅತ್ತಿಗೆ, ಒಂದ್ ಫ್ಲೆಕ್ಸ್ ಬೇಕಲ್ಲ. ರೋಡಿನ ತುದೀಲಿ ಕಟ್ಟಕ್ಕೆ."

ನಮ್ಮ ಕಡೆ ಈಗ ಸಾವಿನ ಮನೆಗೆ ದಾರಿ ತೋರಿಸುವುದು ಫ್ಲೆಕ್ಸು. ಫೋಟೋ, ಹೆಸರು, ಮಣ್ಣಿನ ಹೊತ್ತು. ಅದು ಇಲ್ಲದಿದ್ದರೆ ಸತ್ತವರಿಗೆ ಯಾರೂ ಇಲ್ಲವೇನೋ ಎನ್ನುವ ಹಾಗೆ. ಅವನು ಶನಿವಾರಸಂತೆಗೆ ಫೋನು ಮಾಡಿದ್ದ, ಸೋಮವಾರಪೇಟೆಗೂ ಮಾಡಿದ್ದ. ಎರಡೂ ಕಡೆ ಅಣ್ಣನ ಆರ್ಡರು ತುಂಬಿ ಹೋಗಿದ್ದವು, ನಾಳೆ ಸಾಯಂಕಾಲದವರೆಗೆ ಆಗುವುದಿಲ್ಲ ಅಂದಿದ್ದರು. ಊರಿನ ಸತ್ತವರಿಗೆಲ್ಲ ಫ್ಲೆಕ್ಸ್ ಹಾಕಿದವರಿಗೆ ಒಂದು ಫ್ಲೆಕ್ಸು ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಬೈಕುಗಳ ಸದ್ದು. ಅಭಿಮಾನಿ ಬಳಗದ ಅಧ್ಯಕ್ಷ ಬಂದಿದ್ದ. ಮೂವತ್ತೈದರ ಆಸುಪಾಸಿನವನು, ಪಿಕಪ್ ಓಡಿಸುತ್ತಾನೆ, ಮುಂಗೈ ಮೇಲೆ ಆ ನಟನ ಮುಖದ ಹಚ್ಚೆ. ಜೊತೆಗೆ ಬಳಗದ ಹುಡುಗರು. ಅತ್ತು ಅತ್ತು ಎಲ್ಲರ ಮುಖ ಊದಿತ್ತು. ಒಳಗೆ ಬಂದು ನನ್ನ ಗಂಡನ ಕಾಲು ಮುಟ್ಟಿ ನಮಸ್ಕಾರ ಮಾಡಿ ನಿಂತರು. ಹೋಗಲಿಲ್ಲ. ಮೈದುನನಿಗೆ ಅರ್ಥವಾಯಿತು.

"ಏನ್ರೋ, ಹೆಣ ಮುಂದಿಟ್ಕಂಡ್ ಕೂತಿದೀವಿ. ಈಗ ಅಂಗಡಿ ಬೀಗ ಕೇಳಕ್ ಬಂದ್ರಾ?"

ಅಧ್ಯಕ್ಷ ಕೈ ಮುಗಿದ. "ಇಲ್ಲಣ್ಣ, ಅಂಗಲ್ಲ. ಸರ್ಕಲ್ಲಲ್ಲಿ ಅಣ್ಣನ್ ಫೋಟೋ ಇಡ್ಬೇಕು, ಎಲ್ಲೂ ಸಿಗ್ತಾ ಇಲ್ಲ. ಅಕ್ಷರ ಅಕ್ಕನೇ ತಾನೆ ಹಾಕದು, ಅದ್ಕೆ..."

"ನಡಿ" ಅಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ಸೀರೆ ಸರಿಮಾಡಿಕೊಂಡೆ. ಯಾಕೆ ಎದ್ದೆ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಕಾರಣ ದೊಡ್ಡದೇನಲ್ಲ. ಬೆಳಿಗ್ಗೆಯಿಂದ ಕೂತು ಕಾಲು ಜೋಮು ಹಿಡಿದಿತ್ತು. ಮನೆಗೊಂದು ಫ್ಲೆಕ್ಸು ಬೇಕಿತ್ತು. ನನಗೆ ಮಾಡಲು ಬರುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಅತ್ತೆ ಮಾತ್ರ, "ಹೋಗ್ ಬಾ. ನಾನ್ ಇಲ್ಲೇ ಅವ್ನ್ ಹತ್ರ ಕೂತಿರ್ತೀನಿ" ಅಂದರು.

ಪೇಟೆ ಪೂರ್ತಿ ಬಂದ್ ಆಗಿತ್ತು. ಅಧ್ಯಕ್ಷ ಶಟರು ಎತ್ತಿಕೊಟ್ಟು ಉಳಿದವರನ್ನು ಹೊರಗೇ ನಿಲ್ಲಿಸಿದ. ಕಂಪ್ಯೂಟರಿನಲ್ಲಿ ಅಣ್ಣನ ಹೆಸರಿನ ಫೋಲ್ಡರು ತೆರೆದೆ. ನಗುವ ಅಣ್ಣ, ಕೋಪದ ಅಣ್ಣ, ಟೋಪಿ ಹಾಕಿದ ಅಣ್ಣ, ಕೈ ಮುಗಿದ ಅಣ್ಣ, ಕುದುರೆ ಮೇಲಿನ ಅಣ್ಣ. ಎಲ್ಲ ಕತ್ತರಿಸಿ, ಕಿವಿ ಸರಿಮಾಡಿ, ಸಿದ್ಧವಾಗಿಟ್ಟಿದ್ದರು. ಅಧ್ಯಕ್ಷ ಕೈ ಮುಗಿದದ್ದನ್ನು ಆರಿಸಿದ. ಆಮೇಲೆ ನನ್ನ ಗಂಡನ ಫೋಟೋ ಹುಡುಕಿದೆ. ಇದ್ದದ್ದು ಒಂದೇ, ಬ್ಯಾಂಕಿಗೋ ಎಲ್ಲಿಗೋ ಬೇಕೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಅದರಲ್ಲಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಹಿಂದಿನ ನೀಲಿ ಪರದೆ ಹಾಗೇ ಇತ್ತು. ಅದನ್ನು ಕತ್ತರಿಸಲು ಕೂತೆ. ಮುಖದ ಕೆಲಸ ನಾನು ಯಾವತ್ತೂ ಮಾಡಿದವಳಲ್ಲ. ಕೆನ್ನೆಯ ಹತ್ತಿರ ಸ್ವಲ್ಪ ಹೆಚ್ಚು ಹೋಯಿತು. ಮುಖ ಸಣ್ಣಗೆ ಕಾಣಿಸಿತು, ಮದುವೆಯ ಹೊತ್ತಿನಲ್ಲಿ ಇದ್ದ ಹಾಗೆ.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಕರೆಂಟಿಗೆ ಯಾರು ಸತ್ತರೂ ಒಂದೇ.

ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಅಧ್ಯಕ್ಷ ಮಾತು ಶುರು ಮಾಡಿದ. ಒಂದು ಸಲ ಮೈಸೂರಿನಲ್ಲಿ ಶೂಟಿಂಗು ನಡೆಯುತ್ತಿತ್ತಂತೆ. ಇಡೀ ದಿನ ಕಾದನಂತೆ. ಸಾಯಂಕಾಲ ಅಣ್ಣ ಕಾರು ಹತ್ತುವಾಗ ಕಿಟಕಿಯಿಂದ ಕೈ ಆಚೆ ಹಾಕಿದನಂತೆ. ಇವನು ಮುಟ್ಟಿದನಂತೆ.

"ಏನಂದ್ರು?" ಅಂತ ಕೇಳಿದೆ.

"ಗಾಡಿ ತೆಗೀತೀವಿ, ಕೈ ತೆಗಿ ಅಂದ್ರು ಅಕ್ಕ." ಅಷ್ಟು ಹೇಳಿ ಅವನು ಕುಸಿದು ಅಳತೊಡಗಿದ. ಹಚ್ಚೆ ಹಾಕಿಸಿಕೊಂಡ ಕೈಯಿಂದಲೇ ಮುಖ ಮುಚ್ಚಿಕೊಂಡಿದ್ದ. ಮದುವೆಯಾಗಿ ಎರಡು ಮಕ್ಕಳಿರುವ ಗಂಡಸು. ಬಾಟಲಿಯಲ್ಲಿ ನೀರಿತ್ತು, ಕೊಟ್ಟೆ. ಸಮಾಧಾನ ಮಾಡ್ಕೋ, ಎಲ್ಲರೂ ಒಂದಿನ ಹೋಗೋರೇ ಅಂದೆ. ಬೆಳಿಗ್ಗೆಯಿಂದ ಆ ಮಾತನ್ನು ಎಷ್ಟೊಂದು ಜನ ನನಗೆ ಹೇಳಿದ್ದರು, ಹಾಗೇ ಬಾಯಿಗೆ ಬಂತು.

ಅವನು ಮೂಗು ಒರೆಸಿಕೊಂಡು, "ನಿಮ್ಗೆ ಅಳು ಬರಲ್ವಾ ಅಕ್ಕ?" ಅಂದ.

ಯಾರಿಗೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. "ಇನ್ನೂ ಬಂದಿಲ್ಲ" ಅಂದೆ.

ಕರೆಂಟು ಬಂದ ಮೇಲೆ ಬೇಗ ಬೇಗ ಮುಗಿಸಿದೆ. ಮೊದಲು ಅಣ್ಣನದು. ಅದನ್ನೇ ಸೇವ್ ಮಾಡಿ, ಫೋಟೋ ಬದಲಿಸಿ, ಹೆಸರು ಬದಲಿಸಿ, ಸೈಜು ಇಳಿಸಿ ನನ್ನ ಗಂಡನದು. ಮಷೀನು ಕರ್ ಕರ್ ಅನ್ನುತ್ತಾ ಮೊದಲು ಆ ನಟನನ್ನು ಗಾಡಿಯಷ್ಟು ದೊಡ್ಡದಾಗಿ ಉಗುಳಿತು. ಹಿಂದೆಯೇ ನನ್ನ ಗಂಡ ಬಂದರು, ಬಾಗಿಲಷ್ಟು. ಒದ್ದೆ ಇಂಕು ಆರುವ ಮೊದಲೇ ಅಧ್ಯಕ್ಷ ಎರಡನ್ನೂ ಎತ್ತಿಕೊಂಡ.

ರಸ್ತೆಯ ತುದಿಯಲ್ಲಿ ಎರಡು ಸಿಲ್ವರ್ ಓಕ್ ಮರಗಳಿಗೆ ನನ್ನ ಗಂಡನದನ್ನು ಕಟ್ಟಿದ ಮೇಲೆ ಮೈದುನ ಕೆಳಗೆ ನಿಂತು ಓದಿದ. ಓದಿ ನನ್ನ ಹತ್ತಿರ ಬಂದ.

"ಅತ್ತಿಗೆ, ಒಂದ್ಸಲ ನೋಡಿ ಅದನ್ನ."

ನೋಡಿದೆ. ಹೆಸರು ಸರಿಯಿತ್ತು. ಊರು ಸರಿಯಿತ್ತು. ಶ್ರದ್ಧಾಂಜಲಿಯಲ್ಲಿ ಮಹಾಪ್ರಾಣ ಸರಿಯಿತ್ತು. ಕೆಳಗೆ ಹಳದಿ ಅಕ್ಷರಗಳಲ್ಲಿ 'ಮತ್ತೆ ಹುಟ್ಟಿ ಬಾ ಅಣ್ಣ' ಅಂತ ಇತ್ತು. ಅದರ ಕೆಳಗೆ 'ಇಂತಿ, ನಿಮ್ಮ ಅಪಾರ ಅಭಿಮಾನಿಗಳು.' ಅವೆರಡು ಸಾಲು ಬದಲಿಸುವುದನ್ನು ಮರೆತಿದ್ದೆ. ಗಂಡನನ್ನು ಅಣ್ಣ ಎಂದು ಕರೆದು, ಊರಿಗೆಲ್ಲ ಕಾಣುವ ಹಾಗೆ ಕಟ್ಟಿಸಿದ್ದೆ.

"ಬಿಚ್ಚಿಸ್ಲಾ?" ಅಂದೆ.

ಮೈದುನ ಮೇಲೆ ನೋಡಿದ. "ಬ್ಯಾಡ ಬಿಡಿ. ನಾನ್ ಬರ್ದಂಗಾಯ್ತದೆ" ಅಂದ.

ಅಭಿಮಾನಿಗಳು ಎಂಬ ಸಾಲಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅಂಗಡಿಯವರಿಗೆ ಗಿರಾಕಿಗಳ ಅಭಿಮಾನ ಎಂದುಕೊಂಡರೋ ಏನೋ.

ಹೂವಿನದೂ ಅದೇ ಕತೆ. ಪೇಟೆಯಲ್ಲಿದ್ದ ಹಾರಗಳೆಲ್ಲ ಸರ್ಕಲ್ಲಿನ ಫೋಟೋ ಸೇರಿದ್ದವು. ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಮೈದುನನನ್ನು ಅಧ್ಯಕ್ಷ ಕೂಗಿ, ಅಣ್ಣನ ಕೊರಳಿಂದ ಒಂದು ಸುಗಂಧರಾಜದ ಹಾರ ತೆಗೆದುಕೊಟ್ಟನಂತೆ. "ಅಣ್ಣಂಗೆ ಬೇಜಾರಿಲ್ಲ, ತಗಳಿ" ಅಂದನಂತೆ. ಆ ಹಾರವನ್ನೇ ಹಾಕಿದೆವು.

ಬಸ್ಸಿಲ್ಲದ್ದರಿಂದ ದೂರದ ನೆಂಟರು ಯಾರೂ ಬರಲಿಲ್ಲ. ಹೊರಲು ಜನ ಸಾಲದು ಎಂದು ಮೈದುನ ಚಿಂತೆ ಮಾಡುತ್ತಿರುವಾಗ ಬಳಗದವರು ಬಂದರು. ಕೊರಳಲ್ಲಿ ಹಳದಿ ಕೆಂಪು ಶಾಲು. ಒಬ್ಬರು ಬಿಟ್ಟರೆ ಒಬ್ಬರಂತೆ ಹೆಗಲು ಕೊಟ್ಟರು. ತೋಟದ ದಾರಿಯಲ್ಲಿ ಕಾಫಿ ಹೂವು ಉದುರಿ ಕಂದು ಬಣ್ಣಕ್ಕೆ ತಿರುಗಿತ್ತು. ನಾನು ಮನೆಯ ಮೂಲೆಯವರೆಗೆ ಹೋಗಿ ನಿಂತೆ. ಗುಂಡಿಯ ಹತ್ತಿರ ಇಳಿಸುವಾಗ ಅಭ್ಯಾಸಬಲದಿಂದ ಯಾರೋ "ಅಣ್ಣಂಗೆ!" ಎಂದು ಕೂಗಿದ. ಉಳಿದವರು "ಜೈ!" ಅಂದರು. ಆಮೇಲೆ ಅಧ್ಯಕ್ಷನೇ ಗಂಟಲು ಸರಿಮಾಡಿಕೊಂಡು, ಈ ಸಲ ಬೇಕೆಂದೇ, ನನ್ನ ಗಂಡನ ಹೆಸರು ಹಿಡಿದು ಕೂಗಿದ. ಅವರು ಜೈ ಅಂದರು. ಬದುಕಿದ್ದಾಗ ಜೋರಾಗಿ ಯಾರೂ ಕರೆಯದ ಹೆಸರು ತೋಟದ ಆಚೆ ಬದಿಗೆ ತಾಗಿ ತಿರುಗಿ ಬಂತು.

ಹನ್ನೊಂದನೇ ದಿನ ನಮ್ಮ ಮನೆಯಲ್ಲೂ ತಿಥಿ, ಸರ್ಕಲ್ಲಿನಲ್ಲೂ ಅನ್ನದಾನ. ನಮ್ಮ ಊಟಕ್ಕೆ ಬಂದವರು ಬಸ್ ಇಳಿದ ಕೂಡಲೇ ಅಲ್ಲಿ ಎಲೆ ಹಾಕಿದ್ದು ಕಂಡು ಕೂತುಬಿಟ್ಟಿದ್ದರು. ಮನೆಗೆ ಬಂದು, "ಹೊಟ್ಟೆ ತುಂಬೈತೆ ಕಣವ್ವ, ಶಾಸ್ತ್ರಕ್ ಒಂದ್ ತುತ್ತು ಬಡಿಸು" ಅಂದರು. ಅನ್ನ, ಸಾರು, ಪಾಯಸ ಎಲ್ಲ ಉಳಿಯಿತು. ಅತ್ತ ಸರ್ಕಲ್ಲಿನಲ್ಲಿ ಜನ ಹೆಚ್ಚಾಗಿ ಅಡುಗೆ ಸಾಲದೆ ಬಂತು. ಅಧ್ಯಕ್ಷ ಪಿಕಪ್ ತಂದು ಕೇಳಿದಾಗ ನಮ್ಮ ಪಾತ್ರೆಗಳನ್ನು ಹಾಗೇ ಏರಿಸಿದೆವು. ನನ್ನ ಗಂಡನ ತಿಥಿಯ ಪಾಯಸ ಉಂಡು ಜನ ಅಣ್ಣನನ್ನು ಹೊಗಳಿದರಂತೆ. ಅತ್ತೆಗೆ ಬೇಸರವಾಗಬಹುದು ಅಂದುಕೊಂಡಿದ್ದೆ. "ದಂಡ ಆಗ್ಲಿಲ್ವಲ್ಲ" ಅಂದರು ಅಷ್ಟೆ.

ಆಮೇಲೆ ನಾನು ಅಂಗಡಿ ತೆರೆದೆ. ಮನೆಯಲ್ಲಿ ಕೂತು ಮಾಡುವುದೇನಿರಲಿಲ್ಲ. ಆ ತಿಂಗಳೆಲ್ಲ ಮಷೀನಿಗೆ ಬಿಡುವಿರಲಿಲ್ಲ. ಆಟೋದವರ ಶ್ರದ್ಧಾಂಜಲಿ, ಮೀನು ಮಾರ್ಕೆಟ್ಟಿನವರ ಶ್ರದ್ಧಾಂಜಲಿ, ಕಲ್ಯಾಣಮಂಟಪದ ಅಡುಗೆಯವರ ಶ್ರದ್ಧಾಂಜಲಿ. ಮುಖ ಕತ್ತರಿಸುವುದು ನಿಧಾನಕ್ಕೆ ಕೈಗೆ ಬಂತು. ಅಳು ಮಾತ್ರ ಬರಲೇ ಇಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಎಚ್ಚರವೂ ಆಗುತ್ತಿತ್ತು. ಯಾವುದಕ್ಕೂ ರುಚಿ ಇರಲಿಲ್ಲ, ಕಹಿಯೂ ಇರಲಿಲ್ಲ. ಬಾಯಿಗೆ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಇರುತ್ತದಲ್ಲ, ಮೈಯೆಲ್ಲ ಹಾಗೆ.

ಯಾರಾದರೂ "ಯಾವಾಗ ಹೋದ್ರು ನಿಮ್ಮ ಯಜಮಾನ್ರು?" ಎಂದು ಕೇಳಿ ನಾನು ತಾರೀಕು ಹೇಳಿದರೆ ಅವರ ಮುಖ ಅರಳುತ್ತಿತ್ತು. "ಓ, ಅಣ್ಣ ಹೋದ್ ದಿನ!" ಅಲ್ಲಿಂದ ಮುಂದೆ ಅವರ ಕತೆ. ಅವತ್ತು ಅವರು ಎಲ್ಲಿದ್ದರು, ಯಾರು ಹೇಳಿದರು, ತಟ್ಟೆಯಲ್ಲಿದ್ದ ದೋಸೆ ಹೇಗೆ ಹಾಗೇ ಉಳಿಯಿತು. ನಾನು ಹೂಂ ಅನ್ನುತ್ತಿದ್ದೆ. ಕೆಲವರು ಪುಣ್ಯವಂತರು ಅಂದರು ನನ್ನ ಗಂಡನನ್ನು, ಅಂಥವರ ಜೊತೆ ಹೋದರಲ್ಲ ಅಂತ.

ಹೀಗಿರುವಾಗ ಒಬ್ಬ ಯೂಟ್ಯೂಬಿನವನು ಬಂದ. ಕೈಯಲ್ಲಿ ಮೈಕು, ಜೊತೆಗೆ ಕ್ಯಾಮೆರಾದವನು. ಅಧ್ಯಕ್ಷ ಎಲ್ಲೋ ಮಾತಾಡುವಾಗ ನನ್ನ ವಿಷಯ ಹೇಳಿದ್ದನಂತೆ.

"ಅಕ್ಕ, ಮನೇಲಿ ಯಜಮಾನ್ರ ದೇಹ ಇಟ್ಕೊಂಡು ಅಣ್ಣನ ಫ್ಲೆಕ್ಸ್ ಮಾಡಿದ್ರಂತೆ. ಅಂಥಾ ಅಭಿಮಾನ ಹೇಗೆ ಬಂತು?"

"ನಮಗೂ ಒಂದು ಬೇಕಿತ್ತು" ಅಂದೆ.

ಅವನಿಗೆ ಅದು ಸಾಲಲಿಲ್ಲ. ಅಣ್ಣನ ಯಾವ ಸಿನಿಮಾ ನಿಮಗೆ ಹೆಚ್ಚು ಇಷ್ಟ ಅಂದ. ನಾನು ಅಕ್ಷರ ಹೊಡೆದ ಒಂದು ಸಿನಿಮಾದ ಹೆಸರು ನೆನಪಿತ್ತು, ಅದರಲ್ಲಿ ಒತ್ತಕ್ಷರ ಜಾಸ್ತಿ, ಹಾಗಾಗಿ. ಅದನ್ನೇ ಹೇಳಿದೆ. ಅವನು ತುಂಬ ಮೆಚ್ಚಿಕೊಂಡ. ಕೊನೆಗೆ ಒಂದು ಸಲ ಕಣ್ಣು ಒರೆಸಿಕೊಳ್ಳಿ ಅಂದ. ಕಣ್ಣೀರಿಲ್ಲವಲ್ಲ ಅಂದೆ.

"ಪರವಾಗಿಲ್ಲ ಅಕ್ಕ, ಮ್ಯೂಸಿಕ್ ಹಾಕ್ತೀವಿ."

ಹಾಕಿದರು. ವಿಡಿಯೋದಲ್ಲಿ ನಾನು ಮಹಾತಾಯಿಯಾದೆ. ಮೈದುನ ಅತ್ತೆಗೆ ಕಾಮೆಂಟುಗಳನ್ನು ಓದಿ ಹೇಳುತ್ತಿದ್ದ. ಅರ್ಧ ಜನ ನನ್ನ ಪಾದಕ್ಕೆ ನಮಸ್ಕಾರ ಮಾಡಿದ್ದರು, ಅರ್ಧ ಜನ ಇವಳೆಂಥ ಹೆಂಗಸು, ಗಂಡನಿಗಿಂತ ಸಿನಿಮಾದವನು ಹೆಚ್ಚಾದನಾ ಎಂದು ಬೈದಿದ್ದರು. ಅತ್ತೆ ಎರಡಕ್ಕೂ ಒಂದೇ ರೀತಿ ತಲೆಯಾಡಿಸಿದರು. ಅಂಗಡಿಯ ಮುಂದೆ ಕಾರು ನಿಲ್ಲಿಸಿ ನನ್ನ ಜೊತೆ ಸೆಲ್ಫಿ ತೆಗೆದುಕೊಂಡವರೂ ಇದ್ದರು. ಹೋಂಸ್ಟೇಗೆ ಬಂದ ಹುಡುಗಿಯರು ಒಂದು ಸಲ, "ಅಕ್ಕ, ಅವತ್ತು ಕೂತಿದ್ದ ಚೇರ್ ಇದೇನಾ?" ಅಂದರು. ಅದಲ್ಲ, ಇನ್ನೊಂದು ಅಂದೆ. ಇನ್ನೊಂದರಲ್ಲಿ ಕೂತು ತೆಗೆಸಿಕೊಂಡರು.

ವರ್ಷವಾಯಿತು. ನಮ್ಮ ಮನೆಯ ವರ್ಷಾಂತಿಕ, ಪಂಚಾಂಗದ ತಿಥಿ ಲೆಕ್ಕದಲ್ಲಿ, ಮೊದಲೇ ಮುಗಿದಿತ್ತು. ಅಣ್ಣನದು ಇಂಗ್ಲಿಷ್ ತಾರೀಕು. ಆ ತಾರೀಕಿಗೆ ಕುಶಾಲನಗರದಲ್ಲಿ ಅಭಿಮಾನಿಗಳೆಲ್ಲ ಸೇರಿ ಕಾರ್ಯಕ್ರಮ ಇಟ್ಟು ನನಗೆ ಸನ್ಮಾನ ಎಂದರು. ಬರಲ್ಲ ಅನ್ನಲು ಹೊರಟೆ, ಅಷ್ಟರಲ್ಲಿ ಅಧ್ಯಕ್ಷ ಬಂದು ಅಂಗಡಿ ಮುಂದೆ ಪಿಕಪ್ ನಿಲ್ಲಿಸಿದ್ದ. ಬೇಡ ಎಂದು ವಾದ ಮಾಡುವುದಕ್ಕಿಂತ ಹೋಗುವುದೇ ಸುಲಭವಾಗಿತ್ತು. ಸ್ಟೇಜಿನ ಮೇಲೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಮೈಕು ಕೈಗೆ ಕೊಟ್ಟು ಎರಡು ಮಾತಾಡಿ ಅಂದರು.

"ನಮ್ಮ ಮನೆಯವರು ಸಿನಿಮಾ ನೋಡ್ತಿರ್ಲಿಲ್ಲ" ಅಂದೆ. ಇನ್ನೂ ಏನೋ ಹೇಳಬೇಕು ಅನ್ನಿಸಿತು. "ನಿದ್ದೆ ಮಾಡ್ಬಿಡೋರು."

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನಿರೂಪಕ ಮೈಕು ಇಸಿದುಕೊಂಡು, "ಎಂಥಾ ಸರಳತೆ ನೋಡಿ!" ಅಂದ. ಡ್ಯಾನ್ಸು ಶುರುವಾಯಿತು. ಅಧ್ಯಕ್ಷನೂ ಸ್ಟೇಜಿನ ಮೇಲೆ ಕುಣಿಯುತ್ತಿದ್ದ. ಇನ್ನೂ ತಡವಾಗುತ್ತದೆ ಎಂದು ಗೊತ್ತಾಗಿ ನಾನು ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಸೋಮವಾರಪೇಟೆ ಮೇಲೆ ಹೋಗುವ ಬಸ್ಸು ಹತ್ತಿದೆ.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಇರುವವಳಿರಬೇಕು, ಮಾತಿನಲ್ಲಿ ತಮಿಳು ಇತ್ತು. ಕಾಲಡಿ ಸಂತೆ ಚೀಲ. ನನ್ನ ಮಡಿಲಲ್ಲಿದ್ದ ಶಾಲು, ಹಾರ, ಬುಟ್ಟಿ ನೋಡಿದಳು.

"ಮದುವೆಗೆ ಹೋಗಿದ್ರಾ ಅಮ್ಮ?"

"ಇಲ್ಲ. ನಮ್ಮ ಮನೆಯವರು ತೀರಿಹೋದ್ರು" ಅಂದೆ. ಆ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಹೇಳಿದ ಮೇಲೆ ಗೊತ್ತಾಯಿತು.

ಅವಳಿಗೆ ಹಾಗೇನೂ ಅನ್ನಿಸಲಿಲ್ಲ. ಚೀಲ ಆಚೆ ಎಳೆದುಕೊಂಡು ನನಗೆ ಜಾಗ ಬಿಟ್ಟಳು. "ಯಾವಾಗ?"

"ಹೋದ ವರ್ಷ. ಇದೇ ತಾರೀಕು."

ಅಣ್ಣನ ಹೆಸರು ಬರುತ್ತದೆ ಎಂದು ನಾನು ಕಾದೆ. ಬಸ್ಸು ತಿರುವು ದಾಟಿತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆ ಹೆಸರು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳು ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅನ್ನಿಕ್ಕಿ... ಅವತ್ತು ಮಳೆ ಇತ್ತಾ ಅಮ್ಮ?" ಅಂದಳು.

ಇಡೀ ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ನಾನು ಯೋಚನೆ ಮಾಡಬೇಕಾಯಿತು.

"ಮೋಡ ಇತ್ತು" ಅಂದೆ. "ಮಳೆ ಬರ್ಲಿಲ್ಲ. ಬೆಳಿಗ್ಗೆ ಅವರು ಸ್ನಾನಕ್ಕೆ ಅಂತ ಹೋದ್ರು..."

ಅವಳು ಇಳಿಯುವವರೆಗೂ ಹೇಳಿದೆ.